ಕೊಡಗಿಗೆ ಬರುವ ದಾನದ ಕಂಪ್ಯೂಟರ್: ಇಳಿಸಿಕೊಳ್ಳುವ ಮೊದಲು, ಇಳಿಸಿಕೊಂಡ ಮೇಲೆ

ಹಾರಂಗಿ ದಂಡೆ

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಅದಾದ ಮೇಲೆ ಬೆಂಗಳೂರು, ಮೈಸೂರಿನ ಕಚೇರಿಗಳಿಂದ ವಿಂಡೋಸ್ 11 ಅಧಿಕೃತವಾಗಿ ಕೂರದ, ಇಂಟೆಲ್ ಪ್ರೊಸೆಸರ್‌ನ ಆರನೇ, ಏಳನೇ ತಲೆಮಾರಿನ ಯಂತ್ರಗಳು ರಾಶಿ ರಾಶಿ ಹೊರಬೀಳುತ್ತಿವೆ. ಕೊಡಗಿನ ಶಾಲೆಗೆ, ಪಂಚಾಯಿತಿ ಗ್ರಂಥಾಲಯಕ್ಕೆ, ಹಾಡಿಯ ಕಲಿಕಾ ಕೇಂದ್ರಕ್ಕೆ ಕೊಡ್ತೀವಿ ಅಂತ ಕೇಳುವವರೂ ಹೆಚ್ಚಾಗಿದ್ದಾರೆ. ವಿಂಗಡಣೆಗೆ ಬರುವ ಹೊಸ ಸ್ವಯಂಸೇವಕರಿಗೆ ಅನುಕೂಲ ಆಗಲಿ ಅಂತ ಕೆಲಸದ ಕ್ರಮವನ್ನ ಇಲ್ಲಿ ಬರೆದಿಡೋಣ. ನಾನು ಸ್ವೀಕರಿಸುವ ಭಾಗ ಬರೀತೀನಿ, ಉಳಿದದ್ದು ಬಲ್ಲವರು ಇದೇ ಚರ್ಚೆಯಲ್ಲಿ ತಮ್ಮ ಹೆಸರಿನಡಿ ಸೇರಿಸಿ.

ಅರ್ಧ ವಿಂಗಡಣೆ ಫೋನಿನಲ್ಲೇ ಮುಗಿಯಬೇಕು. ನಮ್ಮ ಜಿಲ್ಲೆಗೆ ರೈಲಿಲ್ಲ. ಮೇಲೆ ಹತ್ತಿಸಿದ ಪ್ರತಿಯೊಂದು ಸತ್ತ ಮಾನಿಟರನ್ನೂ ನಾವೇ ಬಾಡಿಗೆ ಕೊಟ್ಟು ವಾಪಸ್ ಇಳಿಸಬೇಕು. ಇ-ತ್ಯಾಜ್ಯ ತಗೊಳ್ಳುವ ನೋಂದಾಯಿತ ಮರುಬಳಕೆದಾರರು ಹೆಚ್ಚಾಗಿ ಇರುವುದು ಬೆಂಗಳೂರಿನ ಸುತ್ತ. ಕೊಡುವವರ ಮನಸ್ಸಿಗೆ ನೋವಾಗುತ್ತೆ ಅಂತ ಎಲ್ಲದಕ್ಕೂ ಹೂಂ ಅಂದರೆ ಶಾಲೆಯ ಒಂದು ಕೋಣೆ ಗುಜರಿ ತುಂಬಿ ವರ್ಷಗಟ್ಟಲೆ ಬೀಗ ಹಾಕಿಕೊಂಡಿರುತ್ತದೆ. ಬೇಡ ಅನ್ನುವುದನ್ನ ನಯವಾಗಿ, ಆದರೆ ಮೊದಲೇ ಹೇಳಿಬಿಡಿ.

ದಾನಿಯಿಂದ ಮೊದಲು ಪಟ್ಟಿ ತರಿಸಿ. ಮಾದರಿ, ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇದೆಯೋ ತೆಗೆದಿದ್ದಾರೋ, ಚಾರ್ಜರ್ ಎಷ್ಟಿವೆ, ಇಷ್ಟು ಬೇಕೇ ಬೇಕು. ಜೊತೆಗೆ ರಾಶಿಯ ಫೋಟೋ, ಒಂದು ಯಂತ್ರದ ಮುಂದಿನ ಹಿಂದಿನ ಫೋಟೋ. ಇಂಟೆಲ್ ಐ3, ಐ5 ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ, ಅದರ ಮುಂದಿನ ಸಂಖ್ಯೆ ಕೇಳಿ. ಐ5-4570 ಅಂದರೆ ನಾಲ್ಕನೇ ತಲೆಮಾರು, ಐ5-6500 ಆರನೆಯದು, ಐ5-10400 ಹತ್ತನೆಯದು. ನಾಲ್ಕು ಮತ್ತು ಮೇಲಿನದನ್ನು ಕಣ್ಣುಮುಚ್ಚಿ ತಗೊಳ್ಳಬಹುದು. ಎರಡು, ಮೂರನೆಯದು 8 ಜಿಬಿ ರ‍್ಯಾಮ್ ಇದ್ದರೆ ಸರಿ. ಪೆಂಟಿಯಂ 4, ಕೋರ್ 2 ಡ್ಯೂಯೊ ಬೇಡ. ಅವು ಓಡುತ್ತವೆ, ಸುಳ್ಳಲ್ಲ. ಆದರೆ ಇಂದಿನ ಬ್ರೌಸರ್‌ನಲ್ಲಿ ಎರಡು ವಿಡಿಯೋ ಪಾಠ ತೆರೆದರೆ ನಿಂತುಬಿಡುತ್ತವೆ. ಮಕ್ಕಳು ಕಾಯುವುದು, ಟೀಚರ್ ಕಂಪ್ಯೂಟರ್ ಕೋಣೆಗೆ ಬರುವುದನ್ನೇ ಬಿಡುವುದು, ಎರಡೂ ಬೇಗ ಆಗುತ್ತವೆ.

ಡಿಸ್ಕ್ ತೆಗೆದು ಕೊಡುವ ಕಂಪನಿಗಳು ಬಹಳ. ಅದು ಅವರ ನಿಯಮ, ತಕರಾರು ಬೇಡ. ಆದರೆ ಡಿಸ್ಕ್ ಕೂರುವ ತಟ್ಟೆ, ಅದರ ಸ್ಕ್ರೂ, ಡಿಸ್ಕನ್ನ ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಇವನ್ನ ಯಂತ್ರದೊಳಗೇ ಬಿಡಿ ಅಂತ ಮರೆಯದೆ ಕೇಳಿ. ಡೆಲ್, ಎಚ್‌ಪಿ, ಲೆನೊವೊ ಒಬ್ಬೊಬ್ಬರದು ಒಂದೊಂದು ಅಳತೆ, ಮಡಿಕೇರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸಿಆರ್‌ಟಿ (ಹಳೇ ಟಿವಿಯಂಥ ದಪ್ಪ ಗಾಜಿನ) ಮಾನಿಟರ್, ಇಂಕ್‌ಜೆಟ್ ಪ್ರಿಂಟರ್, ಪರದೆ ಒಡೆದದ್ದು, ಬ್ಯಾಟರಿ ಸತ್ತ ಯುಪಿಎಸ್, ಹಳೇ ಎಡಿಎಸ್‌ಎಲ್ ಮೋಡೆಮ್: ಇವಿಷ್ಟಕ್ಕೂ ಬೇಡ ಅನ್ನಿ. ಸಿಆರ್‌ಟಿ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನ ಕೇಳುವವರೇ ಇಲ್ಲ.

ಸಮಯದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಜೋರು ಮಳೆಗೆ ಭಾರಿ ವಾಹನಗಳ ಸಂಚಾರ ನಿಲ್ಲಿಸುವುದುಂಟು, ಇಳಿಸುವ ಜಾಗವೂ ಒಣಗಿರುವುದಿಲ್ಲ. ಕಾಫಿ ಕುಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿಯಲ್ಲಿ ಜೀಪೂ ಸಿಗದು, ಜನವೂ ಸಿಗರು. ಅಕ್ಟೋಬರ್ ಕೊನೆ, ನವೆಂಬರ್, ಇಲ್ಲವೇ ಮಾರ್ಚ್ ಒಳ್ಳೆಯದು. ಇಳಿಸುವುದು ಕುಶಾಲನಗರದಲ್ಲೇ ಆಗಲಿ. ಮಡಿಕೇರಿಗಿಂತ ಒಣಹವೆ, ದೊಡ್ಡ ಲಾರಿ ತಿರುಗಲು ಜಾಗ ಇದೆ. ಅಲ್ಲಿ ವಿಂಗಡಿಸಿ, ಸರಿಯಾದದ್ದನ್ನಷ್ಟೇ ಮೇಲೆ ಹತ್ತಿಸಿ.

ಗೋಣಿಕೊಪ್ಪ ರಿಪೇರಿ

ಹಾರಂಗಿ ಅಣ್ಣ ಹೇಳಿದ್ದಕ್ಕೆ ಇಳಿಸುವ ದಿನದ ವಿವರ ಸೇರಿಸ್ತೀನಿ.

ಇಪ್ಪತ್ತು ಡೆಸ್ಕ್‌ಟಾಪ್‌ಗೆ ಐದು ಜನ ಸಾಕು. ಇಬ್ಬರು ಇಳಿಸಲಿಕ್ಕೆ, ಒಬ್ಬರು ಚೀಟಿ ಅಂಟಿಸಲಿಕ್ಕೆ, ಒಬ್ಬರು ಲೆಕ್ಕದ ಪುಸ್ತಕ ಬರೆಯಲಿಕ್ಕೆ, ಇನ್ನೊಬ್ಬರು ಬರೀ ಕೇಬಲ್ ಬೇರ್ಪಡಿಸಲಿಕ್ಕೆ. ಲಾರಿಯ ಹಿಂಬಾಗಿಲಲ್ಲೇ ಚೀಟಿ ಬೀಳಬೇಕು. ಚೀಟಿ ಇಲ್ಲದ ಯಂತ್ರ ಒಳಗೆ ಹೋಯಿತೋ, ಸಂಜೆ ಲೆಕ್ಕ ಸರಿಹೋಗುವುದೇ ಇಲ್ಲ. ಕಾಗದದ ಚೀಟಿಗೆ ಜೆಲ್ ಪೆನ್ ಬಳಸಬೇಡಿ, ಇಲ್ಲಿಯ ತೇವಕ್ಕೆ ಹರಡಿಹೋಗುತ್ತದೆ. ಸಾದಾ ಬಾಲ್ ಪೆನ್ನು ಅಥವಾ ಪರ್ಮನೆಂಟ್ ಮಾರ್ಕರ್, ಅದರ ಮೇಲೆ ಪಾರದರ್ಶಕ ಟೇಪು.

ನೆಲದ ಮೇಲೆ ಏನನ್ನೂ ನೇರ ಇಡಬೇಡಿ. ಎರಡು ಇಟ್ಟಿಗೆ ಎತ್ತರಕ್ಕೆ ಹಲಗೆ ಹಾಸಿ, ಗೋಡೆಯಿಂದ ಒಂದು ಗೇಣು ದೂರ ಬಿಡಿ. ಮಾನಿಟರ್‌ಗಳನ್ನ ನಿಲ್ಲಿಸಿಯೇ ಇಡಬೇಕು, ಮುಖಕ್ಕೆ ಮುಖ, ನಡುವೆ ರಟ್ಟು. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಕೆಳಗಿನವುಗಳ ಪ್ಯಾನೆಲ್ ಮೇಲೆ ಒತ್ತಡ ಬಿದ್ದು ಬಿಳಿ ಮಚ್ಚೆ ಮೂಡುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಇಳಿಸಿದ ತಕ್ಷಣ ಕರೆಂಟ್ ಕೊಡುವ ಆತುರ ಬೇಡ. ರಾತ್ರಿಯಿಡೀ ಮಂಜಿನಲ್ಲಿ ಬಂದ ತಣ್ಣನೆಯ ಯಂತ್ರ ಕೋಣೆಯ ಬೆಚ್ಚಗಿನ ಗಾಳಿಗೆ ಬಂದರೆ ಒಳಗೆ ಬೋರ್ಡಿನ ಮೇಲೆ ನೀರು ಕಟ್ಟುತ್ತದೆ. ಪೆಟ್ಟಿಗೆ ಒದ್ದೆಯಾಗಿದ್ದರೆ ಪಕ್ಕದ ಮುಚ್ಚಳ ತೆಗೆದು ಒಂದು ಪೂರ್ತಿ ದಿನ ಫ್ಯಾನಿನ ಕೆಳಗಿಡಿ.

ಆಮೇಲೆ ಕಣ್ಣು, ಮೂಗು. ಮುಚ್ಚಳ ತೆಗೆದು ಟಾರ್ಚ್ ಬಿಡಿ. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ತಲೆಯ ಮೇಲಿನ ಗೀರಿನಿಂದ ಕಂದು ಬಣ್ಣದ ಪುಡಿ ಬಂದಿದ್ದರೆ ಆ ಬೋರ್ಡ್ ಬಿಡಿಭಾಗದ ರಾಶಿಗೆ. ಎಸ್‌ಎಂಪಿಎಸ್ (ಯಂತ್ರದ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಜಾಲರಿಯೊಳಗೆ ಹಲ್ಲಿ ಮೊಟ್ಟೆ, ಇರುವೆ ಗೂಡು, ಜಿರಳೆ ಹಿಕ್ಕೆ ಇದೆಯಾ ನೋಡಿ. ತೋಟದ ಕಚೇರಿಗಳಿಂದ ಬಂದ ಯಂತ್ರಗಳಲ್ಲಿ ಇದು ಸಾಮಾನ್ಯ. ಸತ್ತ ಹಲ್ಲಿಯೊಂದು ಬೋರ್ಡಿನ ಎರಡು ತಂತುಗಳ ನಡುವೆ ಅಂಟಿಕೊಂಡಿದ್ದರೆ ಸ್ವಿಚ್ ಹಾಕಿದ ಕ್ಷಣಕ್ಕೇ ಶಾರ್ಟ್. ಬ್ರಷ್, ಬ್ಲೋಯರ್ ಹಾಕಿ ತೆಗೆಯದೆ ಮುಂದೆ ಹೋಗಬೇಡಿ.

ಒಂದು ವಿಶೇಷ ಎಚ್ಚರಿಕೆ. ಕುಶಾಲನಗರದ ಕಾವೇರಿ ದಂಡೆಯ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತ್ತು. ನೆರೆ ನೀರು ಕುಡಿದ ಯಂತ್ರ ಹೊರಗಿನಿಂದ ಒರೆಸಿ ಚೆನ್ನಾಗಿ ಕಾಣಬಹುದು. ಒಳಗೆ ನೋಡಿದರೆ ಅಡ್ಡಕ್ಕೆ ಒಂದು ಮಣ್ಣಿನ ಗೆರೆ ಇರುತ್ತದೆ, ಸ್ಲಾಟಿನ ಕಾಲುಗಳು ಹಸಿರುಗಟ್ಟಿರುತ್ತವೆ. ಅಂಥದ್ದಕ್ಕೆ ಕೈ ಹಾಕಬೇಡಿ. ಇವತ್ತು ಓಡಿದರೂ ಮುಂದಿನ ಮಳೆಗಾಲದಲ್ಲಿ ನಿಲ್ಲುತ್ತದೆ.

ಅನುಮಾನ ಇದ್ದರೆ ಮೊದಲ ಕರೆಂಟ್ ಸೀರೀಸ್ ಬೋರ್ಡ್ ಮೂಲಕ, ಅಂದರೆ ಒಂದು ಬಲ್ಬನ್ನು ದಾಟಿಯೇ ಕರೆಂಟ್ ಬರುವ ಪ್ಲಗ್ ಬೋರ್ಡ್ ಮೂಲಕ ಕೊಡಿ. 100 ವ್ಯಾಟಿನ ಹಳೇ ತಂತಿ ಬಲ್ಬು ಬೇಕು, ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಪ್ಲಗ್ ಹಾಕಿದಾಗ ಬಲ್ಬು ಒಮ್ಮೆ ಮಿಂಚಿ ಆರಿದರೆ ಒಳಗೆ ಶಾರ್ಟ್ ಇಲ್ಲ, ಆಗ ನೇರ ಕರೆಂಟಿಗೆ ಹಾಕಿ. ಆರದೆ ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಎಸ್‌ಎಂಪಿಎಸ್ ಹೋಗಿದೆ.

ಎಸ್‌ಎಂಪಿಎಸ್ ಒಂದನ್ನೇ ನೋಡಲು 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರನ್ನೂ ಪಕ್ಕದ ಕಪ್ಪನ್ನೂ ಜೆಮ್ ಕ್ಲಿಪ್‌ನಿಂದ ಸೇರಿಸಿ, ಫ್ಯಾನ್ ತಿರುಗುತ್ತದೆ. ಮಲ್ಟಿಮೀಟರ್‌ನಲ್ಲಿ ಹಳದಿ 11.4ರಿಂದ 12.6 ವೋಲ್ಟ್ ಒಳಗೆ, ಕೆಂಪು 4.75ರಿಂದ 5.25 ಒಳಗೆ ಇರಬೇಕು. ಹಳೇ ಡಿಸ್ಕ್ ಒಂದನ್ನ ಜೋಡಿಸಿಯೇ ಅಳೆಯಿರಿ. ಹೊರೆ ಇಲ್ಲದಾಗ ಸರಿಯಾಗಿ ತೋರಿಸಿ, ಹೊರೆ ಬಿದ್ದಾಗ ಕುಸಿಯುವವೇ ಹೆಚ್ಚು. ಬ್ರ್ಯಾಂಡೆಡ್ ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಹಲವಕ್ಕೆ 24 ಪಿನ್ ಇರುವುದಿಲ್ಲ, ಅವರದೇ ಕಡಿಮೆ ಪಿನ್ನಿನ ಕನೆಕ್ಟರ್ ಇರುತ್ತದೆ. ಅಲ್ಲಿ ಕ್ಲಿಪ್ ಹಾಕಲು ಹೋಗದೆ ಅದೇ ಮಾದರಿಯ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಿ.

ಎಸ್‌ಎಂಪಿಎಸ್ ಡಬ್ಬಿಯನ್ನೇ ಬಿಚ್ಚುವುದು ಸ್ವಯಂಸೇವಕರ ಕೆಲಸ ಅಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ನಿಂತಿರಬಹುದು.

ಸೋಮವಾರಪೇಟೆ ಟೀಚರ್

ತುಂಬ ಉಪಯುಕ್ತ. ಎರಡು ಪ್ರಶ್ನೆ. ಫ್ಯಾನ್ ತಿರುಗುತ್ತೆ, ಪರದೆಯಲ್ಲಿ ಏನೂ ಬರಲ್ಲ ಅನ್ನುವಂಥವನ್ನ ಸತ್ತದ್ದು ಅಂತ ಪಕ್ಕಕ್ಕಿಡಬೇಕಾ? ಮತ್ತೆ, ನಮ್ಮ ಶಾಲೆಗೆ ಲ್ಯಾಪ್‌ಟಾಪ್ ಕೊಡ್ತೀವಿ ಅಂದಿದ್ದಾರೆ, ಅದರಲ್ಲಿ ಏನು ನೋಡಬೇಕು?

ಗೋಣಿಕೊಪ್ಪ ರಿಪೇರಿ

ಪಕ್ಕಕ್ಕಿಡಬೇಡಿ ಟೀಚರ್. ಅಂಥವುಗಳಲ್ಲಿ ಬಹಳಷ್ಟು ರ‍್ಯಾಮ್ ತೆಗೆದು ಹಾಕಿದರೆ ಸರಿಹೋಗುತ್ತವೆ. ತೇವಕ್ಕೆ ರ‍್ಯಾಮ್‌ನ ಚಿನ್ನದ ಬಣ್ಣದ ಕಾಲುಗಳ ಮೇಲೆ ಮಂಕು ಪದರ ಕಟ್ಟುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು, ಪೆನ್ಸಿಲ್ ರಬ್ಬರಿನಿಂದ ಕಾಲುಗಳನ್ನ ಒಂದೇ ದಿಕ್ಕಿಗೆ ಉಜ್ಜಿ, ರಬ್ಬರಿನ ಪುಡಿ ಊದದೆ ಬ್ರಷ್‌ನಿಂದ ಒರೆಸಿ. ಬಾಯಿಂದ ಊದಿದರೆ ಎಂಜಲಿನ ತೇವ ಹೋಗುತ್ತದೆ. ಒಂದೇ ಒಂದು ರ‍್ಯಾಮ್ ಹಾಕಿ ಒಂದೊಂದೇ ಸ್ಲಾಟ್ ನೋಡಿ.

ಆಗಲೂ ಬರದಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಆ ಸೆಲ್ ಹೇಗಿದ್ದರೂ ಬದಲಾಯಿಸಬೇಕಾದದ್ದೇ. ಹೊಸದು 3 ವೋಲ್ಟ್ ಮೇಲೆ ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ಎಸೆಯಿರಿ. ಸೆಲ್ ಸತ್ತ ಯಂತ್ರ ಪ್ರತಿಸಲ ತಾರೀಖು ಮರೆಯುತ್ತದೆ. ತಾರೀಖು ತಪ್ಪಿದರೆ ಬ್ರೌಸರ್ ಯಾವ ತಾಣವನ್ನೂ ಸುರಕ್ಷಿತ ಅಂತ ಒಪ್ಪುವುದಿಲ್ಲ. ಶಾಲೆಯಿಂದ "ಇಂಟರ್‌ನೆಟ್ ಬರ್ತಿಲ್ಲ" ಅಂತ ಬರುವ ದೂರುಗಳಲ್ಲಿ ಇದೂ ಒಂದು. ಇಪ್ಪತ್ತು ಯಂತ್ರಕ್ಕೆ ಇಪ್ಪತ್ತೈದು ಸೆಲ್ ಮೊದಲೇ ತಂದಿಟ್ಟುಕೊಳ್ಳಿ.

ಬೆಟ್ಟದ ಲಿನಕ್ಸ್

ಲ್ಯಾಪ್‌ಟಾಪ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ಕಚೇರಿ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ತೊಡಕು ಬೀಗ. ಬಯೋಸ್ (ಯಂತ್ರ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಇದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲೂ ಬಿಡುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಾದರೆ ಸೆಲ್ ತೆಗೆದೋ ಬೋರ್ಡಿನ ಜಂಪರ್ (ಪಿನ್ನುಗಳ ಮೇಲಿನ ಚಿಕ್ಕ ಕೊಂಡಿ) ಬದಲಿಸಿಯೋ ಹಲವು ಸಲ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದು ಬೇರೆ ಚಿಪ್‌ನಲ್ಲಿ ಕೂತಿರುತ್ತದೆ, ಸೆಲ್ ತೆಗೆದರೂ ಹೋಗದು. ಕಂಪನಿಯ ಐಟಿ ವಿಭಾಗವೇ ತೆಗೆಯಬೇಕು, ಅದೂ ಯಂತ್ರ ಅವರ ಕೈಯಲ್ಲಿ ಇರುವಾಗಲೇ. ಎರಡನೆಯದು, ಕಂಪನಿಗಳು ತಮ್ಮ ಯಂತ್ರಗಳನ್ನ ನೋಂದಾಯಿಸಿ ನಿರ್ವಹಿಸುವ ವಿಂಡೋಸ್ ಆಟೋಪೈಲಟ್‌ನಲ್ಲಿ ಆ ಯಂತ್ರದ ಹೆಸರು ಉಳಿದಿದ್ದರೆ ಹೊಸದಾಗಿ ವಿಂಡೋಸ್ ಹಾಕಿ ನೆಟ್‌ಗೆ ಜೋಡಿಸಿದ ಕೂಡಲೇ ಹಳೇ ಕಂಪನಿಯ ಲಾಗಿನ್ ಕೇಳುತ್ತದೆ. ಕ್ರೋಮ್‌ಬುಕ್‌ನಲ್ಲೂ ಹೀಗೇ. ಮ್ಯಾಕ್‌ಬುಕ್ ಆದರೆ ಹಿಂದಿನ ಖಾತೆಯಿಂದ ಬಿಡುಗಡೆ ಮಾಡಿಸಲೇಬೇಕು. ಪಟ್ಟಿ ಕೇಳುವಾಗಲೇ "ಬಯೋಸ್ ಪಾಸ್‌ವರ್ಡ್ ತೆಗೆದಿದೆ, ನಿರ್ವಹಣಾ ಪಟ್ಟಿಯಿಂದ ಬಿಡುಗಡೆ ಆಗಿದೆ" ಅಂತ ಪ್ರತಿ ಯಂತ್ರದ ಸೀರಿಯಲ್ ನಂಬರ್ ಮುಂದೆ ಬರೆಸಿಕೊಳ್ಳಿ.

ಬ್ಯಾಟರಿ. ಲ್ಯಾಪ್‌ಟಾಪನ್ನ ಸಮತಟ್ಟಾದ ಮೇಜಿನ ಮೇಲಿಡಿ. ನಾಲ್ಕು ಕಾಲೂ ಕೂರದೆ ಅಲ್ಲಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳದ ಸಂದು ಬಾಯಿಬಿಟ್ಟಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಚಾರ್ಜ್‌ಗೆ ಹಾಕಲೇಬೇಡಿ. ಲೋಹದ ಸ್ಕ್ರೂಡ್ರೈವರ್‌ನಿಂದ ಮೀಟಲೂ ಬೇಡಿ, ಚುಚ್ಚಿದರೆ ಬೆಂಕಿ. ಕನೆಕ್ಟರ್ ಬಿಡಿಸಿ, ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಎತ್ತಿ, ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಕಟ್ಟಡದ ಹೊರಗೆ, ಮಳೆ ತಾಗದ ಕಡೆ ಇಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಮೇಲೆ ಚೆನ್ನಾಗಿ ಓಡುತ್ತವೆ. ಕರೆಂಟ್ ಹೋದಾಗ ಆರುತ್ತವೆ ಅನ್ನುವುದು ಗೊತ್ತಿರಲಿ, ಅಷ್ಟೆ.

ಚಾರ್ಜರ್ ಪಿನ್ ಕೂತಿತು ಅಂದರೆ ಹೊಂದಿತು ಅಂತಲ್ಲ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ. ಡೆಲ್‌ನ ದುಂಡು ಪಿನ್ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇದೆ, ಚಾರ್ಜರ್ ಅಸಲಿಯಾ, ಎಷ್ಟು ವ್ಯಾಟ್ ಅಂತ ಯಂತ್ರಕ್ಕೆ ತಿಳಿಸುವುದು ಅದೇ. ಅದು ಬಾಗಿದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಯಂತ್ರವೂ ಆಮೆನಡಿಗೆಗೆ ಇಳಿಯುತ್ತದೆ. ಇಳಿಸಿಕೊಂಡ ಕ್ಷಣದಲ್ಲೇ ಚಾರ್ಜರನ್ನ ಅದರ ಲ್ಯಾಪ್‌ಟಾಪ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಎರಡಕ್ಕೂ ಒಂದೇ ನಂಬರ್ ಬರೆಯಿರಿ.

ಲೆಕ್ಕದ ಪುಸ್ತಕ

ಡಿಸ್ಕ್ ಅಳಿಸುವುದನ್ನ ಯಾರೂ ಹೇಳಿಲ್ಲ. ದಾನಿಗೆ ನಾವು ಕೊಡುವ ಮಾತು ಇದೊಂದೇ, ಇದರಲ್ಲಿ ಸಡಿಲ ಬಿಡಬಾರದು. ಬ್ಯಾಂಕಿನ ಡಿಸ್ಕ್ ಇರಲಿ, ಮನೆಯದಿರಲಿ, ಒಳಗೆ ಯಾರದೋ ಆಧಾರ್ ಪ್ರತಿ, ಮದುವೆ ಫೋಟೋ, ಪಾಸ್‌ವರ್ಡ್ ಇರುತ್ತದೆ. ಸ್ವಯಂಸೇವಕರು ತೆರೆದು ನೋಡುವುದೂ ತಪ್ಪು.

ನನ್ನ ಕ್ರಮ: ಬಂದ ಡಿಸ್ಕುಗಳೆಲ್ಲ ಮೊದಲ ದಿನವೇ ಯಂತ್ರದಿಂದ ಹೊರಗೆ. ಡಿಸ್ಕಿನ ಸೀರಿಯಲ್ ನಂಬರ್ ಪುಸ್ತಕಕ್ಕೆ. ಬೀಗ ಇರುವ ಪೆಟ್ಟಿಗೆಗೆ. ಅಳಿಸಿದ ಮೇಲೆ ತಾರೀಖು, ಅಳಿಸಿದವರ ಸಹಿ. ಸಹಿ ಇಲ್ಲದ ಡಿಸ್ಕ್ ಯಾವ ಶಾಲೆಗೂ ಹೋಗಬಾರದು.

ಪುಸ್ತಕದಲ್ಲಿ ಇರಬೇಕಾದದ್ದು: ನಮ್ಮ ನಂಬರ್, ಬಂದ ತಾರೀಖು, ದಾನಿ, ಮಾದರಿ, ಯಂತ್ರದ ಸೀರಿಯಲ್, ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಸೀರಿಯಲ್, ದರ್ಜೆ, ಎಲ್ಲಿಗೆ ಹೋಯಿತು. ದರ್ಜೆಗೆ ನಾವು ಅ, ಆ, ಇ, ಈ ಬಳಸ್ತೀವಿ. ಅ ಅಂದರೆ ಕೊಡಲು ಸಿದ್ಧ. ಆ ಅಂದರೆ ಒಂದೇ ಭಾಗ ಬೇಕು, ಏನು ಬೇಕು ಅಂತ ಚೀಟಿಯ ಮೇಲೇ ಬರೆಯಬೇಕು. ಇ ಬಿಡಿಭಾಗಕ್ಕೆ. ಈ ತ್ಯಾಜ್ಯ. "ಆ" ರಾಶಿ ಬೆಳೆಯದಂತೆ ನೋಡಿಕೊಳ್ಳುವುದೇ ಕಷ್ಟ. ಮೂರು ತಿಂಗಳಲ್ಲಿ ಆ ಭಾಗ ಸಿಗದಿದ್ದರೆ ಇ ದರ್ಜೆಗೆ ಇಳಿಸಿ, ಅದರಿಂದ ಇನ್ನೊಂದು ಯಂತ್ರ ಏಳುತ್ತದೆ.

ಬೆಟ್ಟದ ಲಿನಕ್ಸ್

ಅಳಿಸುವ ಮೊದಲು ಡಿಸ್ಕಿನ ಆರೋಗ್ಯ ನೋಡಿ, ಕೆಟ್ಟದ್ದಕ್ಕೆ ಗಂಟೆಗಟ್ಟಲೆ ಕಾಯುವ ಅಗತ್ಯ ಇಲ್ಲ. ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ) ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ "ಡಿಸ್ಕ್ಸ್" ತೆರೆದರೆ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ ಸಿಗುತ್ತದೆ. ಅದರಲ್ಲಿ 197ನೇ ಸಾಲು, ಅಂದರೆ ಓದಲಾಗದೆ ಕಾದಿರುವ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು), ಸೊನ್ನೆ ಇರಲೇಬೇಕು. 5ನೇ ಸಾಲು, ಬದಲಿ ಕೊಟ್ಟ ಸೆಕ್ಟರ್, ಬೆರಳೆಣಿಕೆಯಷ್ಟಿದ್ದು ಅಳಿಸಿದ ಮೇಲೂ ಏರದಿದ್ದರೆ ಅಭ್ಯಾಸದ ಯಂತ್ರಕ್ಕೆ ಹಾಕಬಹುದು. 199ನೇ ಸಾಲು, ಮಾಹಿತಿ ಸಾಗಿಸುವಾಗಿನ ತಪ್ಪು, ಏರಿದ್ದರೆ ಡಿಸ್ಕನ್ನ ಬೈಯಬೇಡಿ, ಸಾಟಾ ಕೇಬಲ್ ಬದಲಿಸಿ.

ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೋಗುವುದು ಕಡತಗಳ ಸೂಚಿ ಮಾತ್ರ, ಕಡತಗಳು ಅಲ್ಲೇ ಇರುತ್ತವೆ. ಡಿಸ್ಕ್ ಅಳಿಸಲೆಂದೇ ಇರುವ ಶ್ರೆಡ್‌ಓಎಸ್‌ನ ಪೆನ್‌ಡ್ರೈವ್ ಮಾಡಿಕೊಂಡು ಅದರೊಳಗಿನ ಎನ್‌ವೈಪ್‌ನಿಂದ ಒಂದು ಸುತ್ತು ಸೊನ್ನೆ ಬರೆಸಿ, ಕೊನೆಗೆ ಪರಿಶೀಲನೆ ಆನ್ ಇಡಿ. ಇಂದಿನ ಹಾರ್ಡ್‌ಡಿಸ್ಕ್‌ಗೆ ಒಂದು ಸುತ್ತು ಸಾಕು. ಏಳು ಸುತ್ತು, ಮೂವತ್ತೈದು ಸುತ್ತು ಅನ್ನುವುದು ಹಳೇ ಕಾಲದ ಡಿಸ್ಕುಗಳ ಮಾತು. 500 ಜಿಬಿ ಡಿಸ್ಕನ್ನ ನೇರ ಸಾಟಾಗೆ ಜೋಡಿಸಿದರೆ ಬರೆಯಲು ಸುಮಾರು ಒಂದೂವರೆಯಿಂದ ಎರಡು ಗಂಟೆ, ಪರಿಶೀಲನೆಗೆ ಮತ್ತೆ ಅಷ್ಟೇ. ಹಳೇ ಯುಎಸ್‌ಬಿ 2 ಅಡಾಪ್ಟರ್‌ನಲ್ಲಾದರೆ ಬರೆಯಲಿಕ್ಕೇ ನಾಲ್ಕೈದು ಗಂಟೆ. ನಾಲ್ಕು ಸಾಟಾ ಪೋರ್ಟ್ ಇರುವ ಡೆಸ್ಕ್‌ಟಾಪ್ ಒಂದನ್ನ ಇದಕ್ಕೇ ಮೀಸಲಿಡಿ, ಅದಕ್ಕೆ ಸ್ವಂತ ಡಿಸ್ಕ್ ಇರಬಾರದು. ಆಗ ತಪ್ಪು ಡಿಸ್ಕ್ ಆರಿಸಿ ಬೇಕಾದದ್ದನ್ನೇ ಅಳಿಸುವ ಭಯ ಇರುವುದಿಲ್ಲ. ಯುಪಿಎಸ್ ಮೇಲೆ ಓಡಿಸಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಇದೇ ರೀತಿ ಸಾಲದು. ಅದು ಹಿಂದೆ ಬಚ್ಚಿಟ್ಟ ಹೆಚ್ಚುವರಿ ಜಾಗದಲ್ಲಿ ಹಳೇ ಮಾಹಿತಿ ಉಳಿಯಬಹುದು. ಡಿಸ್ಕಿನದೇ ಸೆಕ್ಯೂರ್ ಇರೇಸ್ ಆದೇಶ ಕೊಡಬೇಕು, ಹಲವು ಕಚೇರಿ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ ಅದು ಇದೆ. "ಫ್ರೋಜನ್" ಅಂತ ನಿರಾಕರಿಸಿದರೆ ಯಂತ್ರವನ್ನ ಸ್ಲೀಪ್‌ಗೆ ಕಳಿಸಿ ಎಬ್ಬಿಸಿ, ಆಮೇಲೆ ಹೆಚ್ಚಾಗಿ ಒಪ್ಪುತ್ತದೆ. ಯುಎಸ್‌ಬಿ ಅಡಾಪ್ಟರ್ ಮೂಲಕ ಈ ಆದೇಶ ಬಹುಪಾಲು ಮುಟ್ಟುವುದೇ ಇಲ್ಲ.

ಓಡದ ಡಿಸ್ಕ್‌ಗೆ ಡ್ರಿಲ್. ತಟ್ಟೆಯ ಮೂಲಕ ಹಾದುಹೋಗುವಂತೆ ಮೂರು ತೂತು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಯಾರಿಗೂ ಡ್ರಿಲ್ ಕೊಡಬೇಡಿ.

ಕಾಫಿಕಣ

ರ‍್ಯಾಮ್ ವಿಂಗಡಣೆ ಬಗ್ಗೆ ಸ್ವಲ್ಪ. ಡಿಡಿಆರ್ ಮುಂದಿನ ಸಂಖ್ಯೆ ಅದರ ತಲೆಮಾರು. ಡೆಸ್ಕ್‌ಟಾಪಿನ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಕಾಲು, ಆದರೆ ನಡುವಿನ ಕಚ್ಚು ಬೇರೆ ಕಡೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಡಿಡಿಆರ್4ಗೆ 288. ಲ್ಯಾಪ್‌ಟಾಪ್‌ನಲ್ಲಿ ಡಿಡಿಆರ್3 ಅಂತ ಬರೆದದ್ದು 1.5 ವೋಲ್ಟಿನದು, ಡಿಡಿಆರ್3ಎಲ್ 1.35 ವೋಲ್ಟಿನದು. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ಎಲ್ ಇರುವುದೇ ಬೇಕು. ಇದು ಗೊತ್ತಿಲ್ಲದೆ ಒಳ್ಳೇ ಲ್ಯಾಪ್‌ಟಾಪನ್ನ ಡಿಸ್‌ಪ್ಲೇ ಇಲ್ಲ ಅಂತ ತ್ಯಾಜ್ಯಕ್ಕೆ ಹಾಕುವುದು ನಡೆಯುತ್ತಿದೆ.

2 ಜಿಬಿ ತುಂಡುಗಳು ಬುಟ್ಟಿಗಟ್ಟಲೆ ಬರುತ್ತವೆ, 4 ಮತ್ತು 8 ಜಿಬಿಯವೇ ಬೆಲೆಯುಳ್ಳವು. ಅವನ್ನ ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಸ್ಟೀಲ್ ಡಬ್ಬದಲ್ಲಿಡಿ. ಜೋಡಿಸಿದ ಪ್ರತಿ ಯಂತ್ರಕ್ಕೂ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಒಂದು ಪೂರ್ತಿ ಸುತ್ತು. ಒಂದೇ ಒಂದು ಕೆಂಪು ಸಾಲು ಬಂದರೂ ಆ ತುಂಡು ಹೊರಗೆ. ದುಡ್ಡು ಸ್ವಲ್ಪವೇ ಇದ್ದರೆ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿಗೆ ಹಾಕಿ ಅಂತ ನನ್ನ ಅಭಿಪ್ರಾಯ. 4 ಜಿಬಿ ಇದ್ದರೂ ಎಸ್‌ಎಸ್‌ಡಿ ಇದ್ದರೆ ಮಕ್ಕಳು ಬಳಸುವಂತಿರುತ್ತದೆ.

ಬೆಟ್ಟದ ಲಿನಕ್ಸ್

ನಾನು ಪೂರ್ತಿ ಒಪ್ಪಲ್ಲ ಕಾಫಿಕಣ. ಟೈಪಿಂಗ್, ಚಿತ್ರ ಬಿಡಿಸುವುದಕ್ಕೆ 4 ಜಿಬಿ ಸಾಕು. ಬ್ರೌಸರ್ ತೆರೆದು ಪಾಠ ನೋಡುವ ಕಡೆ 8 ಬೇಕೇ ಬೇಕು. 4 ಜಿಬಿಯ ಎರಡು ಯಂತ್ರ ಇದ್ದರೆ ಒಂದರ ರ‍್ಯಾಮ್ ಇನ್ನೊಂದಕ್ಕೆ ಹಾಕಿ ಒಂದನ್ನ ಚೆನ್ನಾಗಿ ಕೊಡುವುದು ಮೇಲು.

ಕಾಫಿಕಣ

ಇಂಟರ್‌ನೆಟ್ ಇರುವ ಶಾಲೆಗೆ ಆ ಮಾತು ಸರಿ. ಸಿಗ್ನಲ್ಲೇ ಸಿಗದ ಊರುಗಳಿಗೆ 4 ಜಿಬಿಯವೇ ಹೋಗಲಿ.

ಸೋಮವಾರಪೇಟೆ ಟೀಚರ್

ನಮಗೆ ವಿಂಡೋಸ್ ಬೇಕು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಬೇಕು ಅಂತ ಹಿರಿಯ ಮೇಷ್ಟ್ರುಗಳು ಕೇಳ್ತಾರೆ. ಲಿನಕ್ಸ್ ಹಾಕಿದರೆ ಕನ್ನಡ ಹೇಗೆ?

ಬೆಟ್ಟದ ಲಿನಕ್ಸ್

ಟೀಚರ್, ವಿಂಡೋಸ್ 11 ಅಧಿಕೃತವಾಗಿ ಕೂರುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲೆ, ಟಿಪಿಎಂ 2.0 (ಭದ್ರತಾ ಚಿಪ್) ಇದ್ದರೆ. ಅಂಥ ಯಂತ್ರ ಬಂದು, ಬೋರ್ಡಿನಲ್ಲೇ ಪರವಾನಗಿ ಇದ್ದರೆ ವಿಂಡೋಸ್ ಹಾಕಿ, ಶಾಲೆಯ ಕಚೇರಿ ಕೆಲಸಕ್ಕೆ ಕೊಡಬಹುದು. ಅದಕ್ಕಿಂತ ಹಳತಕ್ಕೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕದ್ದ ವಿಂಡೋಸ್ ಹಾಕಿ ಶಾಲೆಗೆ ಕೊಡುವುದು ಬೇಡವೇ ಬೇಡ.

ಕನ್ನಡಕ್ಕೆ ಐಬಸ್ ಮತ್ತು ಎಂ17ಎನ್ (ಭಾರತೀಯ ಭಾಷೆ ಟೈಪ್ ಮಾಡಿಸುವ ಉಚಿತ ತಂತ್ರಾಂಶಗಳು) ಹಾಕಿ, ಕನ್ನಡದ ಕೆಜಿಪಿ ಕೀಲಿಮಣೆ ಆರಿಸಿ. ನುಡಿಯಲ್ಲಿ ಕೈ ಕೂತವರಿಗೆ ಅದೇ ವಿನ್ಯಾಸ, ಹೊಸದಾಗಿ ಕಲಿಯುವುದು ಏನೂ ಇಲ್ಲ. ನೋಟೊ ಕನ್ನಡ, ಗುಬ್ಬಿ, ನವಿಲು ಅಕ್ಷರಗಳು ಉಚಿತವಾಗಿ ಸಿಗುತ್ತವೆ. ತೊಡಕಿರುವುದು ಹಳೇ ಪ್ರಶ್ನೆಪತ್ರಿಕೆಗಳಲ್ಲಿ. ನುಡಿಯ ಹಳೇ ಅಕ್ಷರಗಳಲ್ಲಿ ಮಾಡಿದ ಕಡತ ಯುನಿಕೋಡ್ ಅಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯಂತ್ರ ಕೊಡುವ ಮೊದಲೇ ಪರಿವರ್ತಕ ಬಳಸಿ ಅವನ್ನ ಯುನಿಕೋಡ್‌ಗೆ ತಂದುಕೊಟ್ಟರೆ ಅರ್ಧ ವಿರೋಧ ಕರಗುತ್ತದೆ.

ಒಂದೊಂದಕ್ಕೂ ಬೇರೆಬೇರೆ ಹಾಕುತ್ತ ಕೂರಬೇಡಿ. ಒಂದು ಮೂಲಪ್ರತಿ ಮಾಡಿ ಡಿಸ್ಕ್ ನಕಲಿಸುವ ಕ್ಲೋನ್‌ಜಿಲ್ಲಾ ತಂತ್ರಾಂಶದಲ್ಲಿ ನಕಲಿಸಿ. ಮೂಲವನ್ನ 120 ಜಿಬಿ ಡಿಸ್ಕಿನಲ್ಲೇ ತಯಾರಿಸಿ. ಚಿಕ್ಕದರಿಂದ ದೊಡ್ಡದಕ್ಕೆ ಸಲೀಸಾಗಿ ಹೋಗುತ್ತದೆ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದಿಲ್ಲ. ನಕಲಿಸಿದ ಮೇಲೆ ಪ್ರತಿ ಯಂತ್ರದ ಹೆಸರು ಬದಲಿಸಿ, ಮೆಷಿನ್ ಐಡಿಯನ್ನೂ (ಲಿನಕ್ಸ್ ಆ ಯಂತ್ರಕ್ಕೆ ಇಟ್ಟ ಗುರುತಿನ ಸಂಖ್ಯೆ) ಹೊಸದಾಗಿ ಹುಟ್ಟಿಸಿ. ಮರೆತರೆ ಒಂದೇ ಲ್ಯಾಬಿನ ಎರಡು ಯಂತ್ರಕ್ಕೆ ರೂಟರ್ ಒಂದೇ ಐಪಿ ವಿಳಾಸ ಕೊಡಬಹುದು. ಆಗ ಒಂದಕ್ಕೆ ನೆಟ್ ಬಂದರೆ ಇನ್ನೊಂದಕ್ಕೆ ಬರದು, ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಮಳೆಬಿಲ್ಲು ಎಲೆಕ್ಟ್ರಿಕಲ್ಸ್

ಯಂತ್ರ ಎಷ್ಟೇ ಚೆನ್ನಾಗಿ ವಿಂಗಡಿಸಿ ಕೊಟ್ಟರೂ ಶಾಲೆಯ ವೈರಿಂಗ್ ನೋಡದೆ ಕೊಟ್ಟರೆ ಹಾಳು. ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ, ಎರಡು ಮೂರು ವೋಲ್ಟ್ ಒಳಗಿರಬೇಕು. ಹತ್ತಿಪ್ಪತ್ತು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ, ಕ್ಯಾಬಿನೆಟ್ ಮುಟ್ಟಿದ ಮಗುವಿಗೆ ಜುಮ್ ಅನ್ನುತ್ತದೆ. ಅದು ಸರಿಯಾಗುವ ತನಕ ಯಂತ್ರ ಕೊಡಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಲ್ಯಾನ್ ಕೇಬಲನ್ನೂ ಕೀಳಬೇಕು. ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಮಾತ್ರ ಸತ್ತಿರುವ ಯಂತ್ರಗಳು ಬಂದರೆ ಅದು ಸಿಡಿಲು ಕೇಬಲ್ ಹಿಡಿದು ಬಂದ ಗುರುತು. ಅಂಥವನ್ನ ತ್ಯಾಜ್ಯಕ್ಕೆ ಹಾಕಬೇಡಿ, ಚಿಕ್ಕ ಯುಎಸ್‌ಬಿ ವೈಫೈ ಹಾಕಿದರೆ ಓಡುತ್ತವೆ.

ಯುಪಿಎಸ್: 600 ವಿಎಯದಕ್ಕೆ ಒಂದು ಡೆಸ್ಕ್‌ಟಾಪ್, ಒಂದು ಮಾನಿಟರ್, ಅಷ್ಟೇ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಹೊರೆ ಇಲ್ಲದಾಗ 12.6 ತೋರಿಸಿದ್ದನ್ನ ನಂಬಬೇಡಿ, ಯುಪಿಎಸ್‌ಗೆ 60 ವ್ಯಾಟಿನ ಬಲ್ಬು ಹಾಕಿ ಪ್ಲಗ್ ಕಿತ್ತು ನೋಡಿ. ಐದು ನಿಮಿಷ ಉರಿದರೆ ಇಟ್ಟುಕೊಳ್ಳಿ. ಸತ್ತ ಸೀಸದ ಬ್ಯಾಟರಿಯನ್ನ ಹೊಸದು ಕೊಳ್ಳುವ ಅಂಗಡಿಯಲ್ಲೇ ವಿನಿಮಯಕ್ಕೆ ಕೊಡಿ.

ಮಳೆಗಾಲದಲ್ಲಿ ವಿಂಗಡಿಸಿದ ಯಂತ್ರ ಕೋಣೆಯಲ್ಲೇ ಉಳಿದರೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಬೇಡಿ, ಒಳಗಿನ ತೇವ ಅಲ್ಲೇ ಕೂತು ಬೂಷ್ಟು ಹಿಡಿಯುತ್ತದೆ. ಹಳೇ ಹತ್ತಿ ಬಟ್ಟೆ ಹೊದಿಸಿ, ವಾರಕ್ಕೆರಡು ಸಲ ಒಂದೊಂದು ಗಂಟೆ ಓಡಿಸಿ. ಯಂತ್ರದ ಶಾಖವೇ ಅದನ್ನ ಒಣಗಿಸುತ್ತದೆ.

ಲೆಕ್ಕದ ಪುಸ್ತಕ

ತ್ಯಾಜ್ಯದ ವಿಷಯಕ್ಕೆ ಬರೋಣ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022, ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ. ಇದರ ಪ್ರಕಾರ ದೊಡ್ಡ ಪ್ರಮಾಣದಲ್ಲಿ ಬಳಸುವ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನ ನೋಂದಾಯಿತರಿಗೇ ಕೊಡಬೇಕು. ಹಾಗಾಗಿ ದಾನಿ ಕಂಪನಿ ಪತ್ರದಲ್ಲಿ "ಬಳಕೆಯಲ್ಲಿರುವ ಉಪಕರಣ, ಮರುಬಳಕೆಗೆ ದಾನ" ಅಂತ ಸ್ಪಷ್ಟ ಬರೆದು, ಸೀರಿಯಲ್ ಪಟ್ಟಿ ಜೊತೆಗಿಡಲಿ. ದಾರಿಯಲ್ಲಿ ತಪಾಸಣೆ ಆದರೂ ಆ ಪತ್ರವೇ ಆಧಾರ. ಕಂಪನಿ ತನ್ನ ಗುಜರಿಯನ್ನ ದಾನದ ಹೆಸರಲ್ಲಿ ನಮ್ಮ ತಲೆಗೆ ಕಟ್ಟುವುದಕ್ಕೂ ಅದರಿಂದ ತಡೆ ಬೀಳುತ್ತದೆ. "ಕೆಟ್ಟದ್ದು ಇಷ್ಟು ಬಂದರೆ ವಾಪಸ್ ತಗೊಂಡು ಹೋಗ್ತೀವಿ" ಅನ್ನುವ ಒಂದು ಸಾಲನ್ನೂ ಕೇಳಿ. ಒಪ್ಪುವ ದಾನಿಗಳು ಇದ್ದಾರೆ.

ಸಂತೆಯ ಗುಜರಿಯವರಿಗೆ ಬೋರ್ಡ್, ಕೇಬಲ್ ಕೊಡಬೇಡಿ. ತಾಮ್ರಕ್ಕಾಗಿ ಕೇಬಲ್ ಸುಡುತ್ತಾರೆ, ಆ ಹೊಗೆ ನಮ್ಮ ತೋಟದ ಪಕ್ಕದಲ್ಲೇ ಏಳುತ್ತದೆ, ಬೂದಿ ನಮ್ಮ ತೋಡಿಗೇ ಇಳಿಯುತ್ತದೆ. ಬರೀ ತಗಡಿನ ಕ್ಯಾಬಿನೆಟ್, ಸ್ಕ್ರೂ, ಕಬ್ಬಿಣ ಕೊಡಬಹುದು. ಸಪೂರ ಟ್ಯೂಬ್ ದೀಪ ಇರುವ ಹಳೇ ಎಲ್‌ಸಿಡಿಯಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಇಡಿ. ಎರಡು ಮೂರು ಗುಂಪುಗಳ ತ್ಯಾಜ್ಯ ಒಂದುಗೂಡಿಸಿದರೆ ಒಂದು ಪೂರ್ತಿ ಪಿಕಪ್ ಆಗುತ್ತದೆ, ಬಾಡಿಗೆ ಹಂಚಿಹೋಗುತ್ತದೆ.

ಇನ್ನೊಂದು: ವಸ್ತುದಾನಕ್ಕೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಸಿಗುವುದಿಲ್ಲ, ಅದು ಹಣದ ದಾನಕ್ಕೆ ಮಾತ್ರ. ರಶೀದಿ ಕೇಳಿದ ದಾನಿಗೆ ಮೊದಲೇ ತಿಳಿಸಿ. ರಶೀದಿಯಲ್ಲಿ ಬೆಲೆ ಬರೆಯಬೇಡಿ, ಎಣಿಕೆ ಮತ್ತು ಸೀರಿಯಲ್ ಸಾಕು.

ಕಾಫಿಕಣ

ಪ್ರಿಂಟರ್ ಬಗ್ಗೆ ಕೇಳುವವರಿಗೆ: ಲೇಸರ್ ತಗೊಳ್ಳಿ. ಎಚ್‌ಪಿ 1020ರಂಥದ್ದು ಬಂದರೆ ಬಿಡಬೇಡಿ, ಅದರ 12ಎ ಟೋನರ್ ಎಲ್ಲ ಕಡೆ ಸಿಗುತ್ತದೆ, ತುಂಬಿಸಿಕೊಡುವವರೂ ಇದ್ದಾರೆ. ಕಾಗದ ಎಳೆಯದಿದ್ದರೆ ಕೆಳಗಿನ ರಬ್ಬರ್ ರೋಲರ್ ಒರೆಸಿ. ನಮ್ಮ ತೇವಕ್ಕೆ ಕಾಗದವೇ ಮೆತ್ತಗಾಗಿ ಎರಡೆರಡು ಹೋಗುತ್ತದೆ, ಕಾಗದದ ಕಟ್ಟನ್ನ ಡಬ್ಬದಲ್ಲಿ ಮುಚ್ಚಿಡಿ.

ಸೋಮವಾರಪೇಟೆ ಟೀಚರ್

ಕೊನೆಯದಾಗಿ, ಶಾಲೆಗೆ ಯಂತ್ರ ಕೊಡುವ ದಿನ ಜೊತೆಗೆ ಏನೇನು ಕೇಳಿ ತರಿಸಿಕೊಳ್ಳಬೇಕು? ಹತ್ತು ಯಂತ್ರ ಅಂತ ಇಟ್ಟುಕೊಳ್ಳಿ.

ಹಾರಂಗಿ ದಂಡೆ

ಹತ್ತು ಯಂತ್ರಕ್ಕೆ ಹನ್ನೆರಡು ಮೌಸ್, ಹನ್ನೊಂದು ಕೀಬೋರ್ಡ್, ಎಲ್ಲವೂ ಯುಎಸ್‌ಬಿ. ಮೊದಲು ಹೋಗುವುದು ಮೌಸೇ. ಪವರ್ ಕೇಬಲ್ ಇಪ್ಪತ್ತೆರಡು, ಮಾನಿಟರಿಗೂ ಒಂದೊಂದು ಬೇಕಲ್ಲ. ಮಾನಿಟರ್ ವಿಜಿಎ, ಯಂತ್ರ ಡಿಸ್‌ಪ್ಲೇಪೋರ್ಟ್ ಆಗಿದ್ದರೆ ಅಡಾಪ್ಟರ್ ಕಡ್ಡಾಯ, ಕೊಡುವ ಮೊದಲು ಜೋಡಿ ಮಾಡಿ ನೋಡಿ. ಬಟನ್ ಸೆಲ್ ಎರಡು ಹೆಚ್ಚಿಗೆ, ಮೂಲಪ್ರತಿ ಇರುವ ಪೆನ್‌ಡ್ರೈವ್ ಒಂದು, ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೆನ್ಸಿಲ್ ರಬ್ಬರ್. ಹನ್ನೊಂದನೇ ಯಂತ್ರ ಅದೇ ಮಾದರಿಯದು ಸಿಕ್ಕರೆ ಬಿಡಿಭಾಗಕ್ಕೆ ಅಂತ ಬೀರುವಿನಲ್ಲಿಡಿ. ಪಾಸ್‌ವರ್ಡ್ ಬರೆದ ಹಾಳೆ ಮುಖ್ಯೋಪಾಧ್ಯಾಯರ ಹತ್ತಿರ ಒಂದು, ನಿಮ್ಮ ಹತ್ತಿರ ಒಂದು ಇರಲಿ, ಟೀಚರ್ ವರ್ಗವಾದರೂ ಲ್ಯಾಬ್ ತೆರೆಯಬೇಕು.

ಸೋಮವಾರಪೇಟೆ ಟೀಚರ್

ಬರೆದುಕೊಂಡೆ. ನಮ್ಮಲ್ಲಿ ಅರ್ಥಿಂಗ್ ಅಳೆಸಿ, ವೋಲ್ಟ್ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ. ಅದಾದ ಮೇಲೇ ಲ್ಯಾಪ್‌ಟಾಪ್ ಕೊಡುವವರಿಗೆ ಪಟ್ಟಿ ಕೇಳಿ ಪತ್ರ ಬರೀತೀವಿ.